ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಗೆ ಸಂಸ್ಥೆಯನ್ನು ಸಿದ್ಧಪಡಿಸುವುದು ಹೇಗೆ?

ಗುಣಮಟ್ಟ ಪ್ರಶಸ್ತಿಯ ಮಾತು ಎತ್ತಿದ ಕೂಡಲೇ ಮೇಲಿನವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ತಿಂಗಳು ಬೇಕಾಗುತ್ತೆ?’ ಅರ್ಜಿ ಬರೆಯಲು ಮೂರ್ನಾಲ್ಕು ತಿಂಗಳು ಸಾಕು. ಆದರೆ ಬರೆಯುವುದಕ್ಕೆ ಏನಾದರೂ ಇರಬೇಕಲ್ಲ, ಅದಕ್ಕೆ ಮೂರು ವರ್ಷವಾದರೂ ಹಿಡಿಯುತ್ತದೆ. ಮೂರು ಅರ್ಜಿಗಳ ತಂಡದಲ್ಲಿ ಕೂತು ಬರೆದಿದ್ದೇನೆ, ಆಮೇಲೆ ಕೆಲವು ವರ್ಷ ಮೌಲ್ಯಮಾಪಕನಾಗಿ ಬೇರೆಯವರ ಅರ್ಜಿಗಳನ್ನು ಓದಿದ್ದೇನೆ. ಆ ಅನುಭವದಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಶಸ್ತಿ ಬೆರಳೆಣಿಕೆಯಷ್ಟು ಸಂಸ್ಥೆಗಳಿಗೆ ಸಿಗುತ್ತದೆ, ಆದರೆ ಒಳ್ಳೆಯ ಪ್ರಶಸ್ತಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿದವರಿಗೆಲ್ಲ ಒಂದು ವರದಿ ಸಿಗುತ್ತದೆ. ಹೊರಗಿನ ಆರೇಳು ಮಂದಿ ಅನುಭವಿಗಳು ನಿಮ್ಮ ಸಂಸ್ಥೆಯನ್ನು ಇಡಿಯಾಗಿ ಓದಿ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ಬರೆದುಕೊಡುವ ವರದಿ ಅದು. ಆ ವರದಿಗಾಗಿಯೇ ಅರ್ಜಿ ಹಾಕುತ್ತಿದ್ದೇವೆ ಎಂದುಕೊಂಡು ಹೊರಟರೆ ಮುಂದಿನ ಪ್ರತಿಯೊಂದು ನಿರ್ಧಾರವೂ ಸರಿಯಾಗುತ್ತದೆ.

ಮೊದಲು ಯಾವ ಪ್ರಶಸ್ತಿ ಎಂದು ನಿರ್ಧರಿಸಿ

ಈ ಪ್ರಶಸ್ತಿಗಳ ಹಿರಿಯಣ್ಣ ಜಪಾನಿನ ಡೆಮಿಂಗ್ ಪ್ರಶಸ್ತಿ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಗುಣಮಟ್ಟ ನಿಯಂತ್ರಣದ ಬಗ್ಗೆ ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳ ಪುಸ್ತಕದಿಂದ ತಮಗೆ ಬರಬೇಕಿದ್ದ ಗೌರವಧನವನ್ನು ಅಲ್ಲಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟಕ್ಕೇ ಬಿಟ್ಟುಕೊಟ್ಟರು. ಆ ಹಣವನ್ನು ಬೀಜವಾಗಿಟ್ಟುಕೊಂಡು ಒಕ್ಕೂಟ 1951ರಲ್ಲಿ ಅವರ ಹೆಸರಿನಲ್ಲೇ ಪ್ರಶಸ್ತಿ ಸ್ಥಾಪಿಸಿತು. ಇದಕ್ಕೊಂದು ವಿಶೇಷವಿದೆ: ಇಲ್ಲಿ ಒಬ್ಬರ ಜೊತೆ ಒಬ್ಬರಿಗೆ ಪೈಪೋಟಿಯಿಲ್ಲ. ನಿಗದಿತ ಮಟ್ಟ ಮುಟ್ಟಿದವರಿಗೆಲ್ಲ ಪ್ರಶಸ್ತಿ, ಯಾರೂ ಮುಟ್ಟದಿದ್ದರೆ ಯಾರಿಗೂ ಇಲ್ಲ. ಜಪಾನಿನ ಹೊರಗಿನವರೂ ಅರ್ಜಿ ಹಾಕಬಹುದು. ಭಾರತದಿಂದ ಮೊದಲು ಇದನ್ನು ಪಡೆದದ್ದು 1998ರಲ್ಲಿ ಸುಂದರಂ ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗ. 2008ರಲ್ಲಿ ಟಾಟಾ ಸ್ಟೀಲ್‌ಗೂ ಬಂತು.

ಅಮೆರಿಕದ ಮಾಲ್ಕಮ್ ಬಾಲ್ಡ್ರಿಜ್ ಪ್ರಶಸ್ತಿ ಹುಟ್ಟಿದ್ದು ಕಾನೂನಿನಿಂದ. ಅಲ್ಲಿನ ವಾಣಿಜ್ಯ ಸಚಿವರಾಗಿದ್ದ ಬಾಲ್ಡ್ರಿಜ್ 1987ರ ಜುಲೈನಲ್ಲಿ ಕುದುರೆ ಸವಾರಿಯ ಅಪಘಾತದಲ್ಲಿ ತೀರಿಕೊಂಡರು. ಮರುತಿಂಗಳೇ ಅವರ ಹೆಸರಿನ ಪ್ರಶಸ್ತಿಗೆ ಅಧ್ಯಕ್ಷರ ಸಹಿ ಬಿತ್ತು. 1988ರ ಮೊದಲ ವಿಜೇತರಲ್ಲಿ ಮೊಟೊರೊಲಾದಂಥ ದೈತ್ಯನ ಪಕ್ಕದಲ್ಲಿ ಗ್ಲೋಬ್ ಮೆಟಲರ್ಜಿಕಲ್ ಎಂಬ ಸಣ್ಣ ಲೋಹ ಕಂಪನಿಯೂ ನಿಂತಿತ್ತು. ಯುರೋಪಿನಲ್ಲಿ 14 ದೊಡ್ಡ ಕಂಪನಿಗಳು 1988ರಲ್ಲಿ ಸೇರಿ ಇಎಫ್‌ಕ್ಯೂಎಂ (ಗುಣಮಟ್ಟ ನಿರ್ವಹಣೆಯ ಯುರೋಪಿಯನ್ ಪ್ರತಿಷ್ಠಾನ) ಕಟ್ಟಲು ಮುಂದಾದವು. ಅದರ ಮೊದಲ ಪ್ರಶಸ್ತಿ 1992ರಲ್ಲಿ ರ್‍ಯಾಂಕ್ ಜೆರಾಕ್ಸ್‌ಗೆ ಸಂದಿತು. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೊ 1991ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಯನ್ನು ಆರಂಭಿಸಿತು. ಭಾರತೀಯ ಕೈಗಾರಿಕಾ ಒಕ್ಕೂಟದ (ಸಿಐಐ) ಸಿಐಐ–ಎಕ್ಸಿಮ್ ಬ್ಯಾಂಕ್ ಪ್ರಶಸ್ತಿ ಯುರೋಪಿನ ಮಾದರಿಯದು, ಮುಂಬೈನ ವಾಣಿಜ್ಯ ಮಂಡಳಿ ಐಎಂಸಿಯ ರಾಮಕೃಷ್ಣ ಬಜಾಜ್ ಪ್ರಶಸ್ತಿ ಬಾಲ್ಡ್ರಿಜ್ ಮಾದರಿಯದು.

ನಿಮ್ಮ ದೇಶದಲ್ಲಿ ಯಾವ ಹೆಸರಿನ ಪ್ರಶಸ್ತಿಯೇ ಇರಲಿ, ಅದರ ಬುಡದಲ್ಲಿ ಡೆಮಿಂಗ್, ಬಾಲ್ಡ್ರಿಜ್, ಯುರೋಪಿನದು ಎಂಬ ಈ ಮೂರು ಮಾದರಿಗಳಲ್ಲಿ ಒಂದು ಇರುವ ಸಾಧ್ಯತೆಯೇ ಹೆಚ್ಚು. ತಯಾರಿಕಾ ಘಟಕವಾಗಿದ್ದು, ಕೆಳಗಿನ ಹಂತದ ಕೆಲಸಗಾರರವರೆಗೆ ಸಮಸ್ಯೆ ಬಿಡಿಸುವ ಅಭ್ಯಾಸ ಬೇರೂರಿದ್ದರೆ ಡೆಮಿಂಗ್ ದಾರಿ ಒಗ್ಗುತ್ತದೆ. ಸೇವಾ ಸಂಸ್ಥೆ, ಆಸ್ಪತ್ರೆ, ಶಾಲೆಗಳಿಗೆ ಉಳಿದೆರಡು ಸುಲಭ. ‘ನಾವು ತೀರಾ ಚಿಕ್ಕವರು’ ಎಂಬ ಅಳುಕು ಬೇಡ. 2001ರಲ್ಲಿ ಶಿಕ್ಷಣ ವಿಭಾಗದ ಬಾಲ್ಡ್ರಿಜ್ ಪ್ರಶಸ್ತಿ ಪಡೆದವರಲ್ಲಿ ಅಲಾಸ್ಕಾದ ಚುಗಾಚ್ ಶಾಲಾ ಜಿಲ್ಲೆಯೂ ಒಂದು. ಅಲ್ಲಿ ಇದ್ದದ್ದು ಸುಮಾರು ಇನ್ನೂರು ಮಕ್ಕಳು.

ಹಣ ಕೊಟ್ಟು ಕೊಳ್ಳುವ ಪ್ರಶಸ್ತಿಗಳಿಂದ ದೂರವಿರಿ

‘ನಿಮ್ಮ ಸಂಸ್ಥೆ ಆಯ್ಕೆಯಾಗಿದೆ, ಸಮಾರಂಭದ ಶುಲ್ಕ ಕಟ್ಟಿ’ ಎಂಬ ಇಮೇಲ್ ನಿಮಗೂ ಬಂದಿರುತ್ತದೆ. ಹೆಸರಿನಲ್ಲಿ ‘ರಾಷ್ಟ್ರೀಯ’ ಇರುತ್ತದೆ, ‘ಗುಣಮಟ್ಟ’ ಇರುತ್ತದೆ, ಹೊಳೆಯುವ ಫಲಕವೂ ಇರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸುವ ವ್ಯಾಪಾರ ಅದು. ಪತ್ತೆ ಹಚ್ಚುವುದು ಕಷ್ಟವಲ್ಲ. ಮಾನದಂಡದ ಪುಸ್ತಿಕೆ ಎಲ್ಲರಿಗೂ ಓದಲು ಸಿಗುತ್ತದೆಯೇ? ತರಬೇತಿ ಪಡೆದ ಮೌಲ್ಯಮಾಪಕರು ಇದ್ದಾರೆಯೇ, ನಿಮ್ಮ ಸಂಸ್ಥೆಯೊಂದಿಗೆ ಹಿತಾಸಕ್ತಿಯ ನಂಟಿರುವವರನ್ನು ಹೊರಗಿಡುವ ನಿಯಮವಿದೆಯೇ? ಯಾರಾದರೂ ನಿಮ್ಮಲ್ಲಿಗೆ ಬಂದು ಕಣ್ಣಾರೆ ನೋಡುತ್ತಾರೆಯೇ? ಸೋತವರಿಗೂ ಬರಹದಲ್ಲಿ ವರದಿ ಕೊಡುತ್ತಾರೆಯೇ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ಅರ್ಜಿ ಶುಲ್ಕ ಕಟ್ಟಿ. ನಿಜವಾದ ಪ್ರಶಸ್ತಿಗಳಲ್ಲೂ ಶುಲ್ಕ ಇರುತ್ತದೆ, ಅದು ತಪ್ಪಲ್ಲ. ಆ ದುಡ್ಡು ಮೌಲ್ಯಮಾಪನಕ್ಕೆ ಹೋಗುತ್ತದೆ.

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ ಪ್ರಮಾಣಪತ್ರ ಇದೆಯಲ್ಲ, ಪ್ರಶಸ್ತಿಯೂ ಹಾಗೇ ತಾನೆ ಎಂದು ಬಹಳ ಮಂದಿ ಕೇಳುತ್ತಾರೆ. ಅಲ್ಲ. ನಿಗದಿತ ಅಗತ್ಯಗಳನ್ನು ಪೂರೈಸಿದ್ದೀರಾ ಇಲ್ಲವಾ ಎಂದು ಐಎಸ್‌ಒ ಆಡಿಟ್ ನೋಡುತ್ತದೆ, ಉತ್ತರ ಹೌದು ಅಥವಾ ಇಲ್ಲ. ಪ್ರಶಸ್ತಿಯ ಮೌಲ್ಯಮಾಪನ ಅಂಕ ಕೊಡುತ್ತದೆ: ಎಷ್ಟು ದೂರ ಬಂದಿದ್ದೀರಿ, ಇನ್ನೆಷ್ಟು ಹೋಗಬೇಕು. ಪ್ರಮಾಣಪತ್ರ ಇರುವವರಿಗೆ ಕಾಗದಪತ್ರದ ಶಿಸ್ತು ಬಂದಿರುತ್ತದೆ, ಅಷ್ಟು ಅನುಕೂಲ.

ಮುಖ್ಯಸ್ಥರ ಜೊತೆ ಮಾತು ಮುಗಿಸಿಕೊಳ್ಳಿ

ಇದನ್ನು ಗುಣಮಟ್ಟ ವಿಭಾಗದ ಕೆಲಸ ಎಂದು ತಳ್ಳಿಬಿಡುವ ಎಂ.ಡಿ. ಇದ್ದರೆ ಈ ವರ್ಷ ಅರ್ಜಿ ಹಾಕಬೇಡಿ. ಮಾತು ಕಟುವೆನಿಸಬಹುದು, ಆದರೆ ಬಾಲ್ಡ್ರಿಜ್ ಮಾನದಂಡದ ಮೊದಲ ಅಧ್ಯಾಯವೇ ನಾಯಕತ್ವ. ಮೌಲ್ಯಮಾಪಕರು ಬಂದಾಗ ಮೊದಲು ಕೂತು ಮಾತಾಡುವುದೂ ಮುಖ್ಯಸ್ಥರ ಜೊತೆಗೇ. ತಮ್ಮ ಸಂಸ್ಥೆಯ ಗುರಿಯನ್ನು ತಮ್ಮದೇ ಮಾತಿನಲ್ಲಿ ಹೇಳಲು ಅವರಿಗೆ ಬರಬೇಕು. ಅವರಿಂದ ಮೂರು ಭರವಸೆ ಪಡೆಯಿರಿ: ವಾರಕ್ಕೆ ಅರ್ಧ ದಿನ ತಮ್ಮ ಸಮಯ, ಪ್ರತಿ ಅಧ್ಯಾಯಕ್ಕೆ ಒಬ್ಬ ಹಿರಿಯ ಅಧಿಕಾರಿಯ ಹೊಣೆ, ಸೋತರೂ ವರದಿಯ ಮೇಲೆ ಕೆಲಸ ನಿಲ್ಲಿಸುವುದಿಲ್ಲ ಎಂಬ ಮಾತು. ಮೂರನೆಯದನ್ನು ಸಭೆಯ ನಡಾವಳಿಯಲ್ಲಿ ಬರೆಸಿಡಿ.

ಇದೇ ಹೊತ್ತಿಗೆ ನಿಮ್ಮಲ್ಲಿ ಒಬ್ಬಿಬ್ಬರನ್ನು ಮೌಲ್ಯಮಾಪಕರ ತರಬೇತಿಗೆ ಕಳಿಸಿ. ಹೆಚ್ಚಿನ ರಾಷ್ಟ್ರೀಯ ಪ್ರಶಸ್ತಿಗಳು ಉದ್ಯಮ, ಶಿಕ್ಷಣ, ಆರೋಗ್ಯ ಕ್ಷೇತ್ರಗಳಿಂದಲೇ ಮೌಲ್ಯಮಾಪಕರನ್ನು ಆರಿಸಿಕೊಳ್ಳುತ್ತವೆ. ಬೇರೆಯವರ ಅರ್ಜಿಗೆ ಅಂಕ ಹಾಕಿ ಬಂದವರು ನಿಮ್ಮ ಅರ್ಜಿಯ ಟೊಳ್ಳು ವಾಕ್ಯವನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ನನ್ನ ಮಟ್ಟಿಗಂತೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸಿದ ತರಬೇತಿ ಬೇರೊಂದಿಲ್ಲ.

ಸಂಸ್ಥೆಯ ಪರಿಚಯ: ಐದು ಪುಟ, ಐದು ವಾರ

ಬಾಲ್ಡ್ರಿಜ್ ಮಾದರಿಯ ಅರ್ಜಿಯ ತಲೆಬಾಗಿಲು ಸಂಸ್ಥೆಯ ಪರಿಚಯ. ಹಲವು ವರ್ಷ ಇದಕ್ಕೆ 5 ಪುಟ, ಉಳಿದ ಅರ್ಜಿಗೆ 50 ಪುಟದ ಮಿತಿ ಇತ್ತು. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಆಯಾ ವರ್ಷದ ಪುಸ್ತಿಕೆಯನ್ನೇ ನೋಡಿ. ಏನು ಮಾರುತ್ತೀರಿ ಅಥವಾ ಯಾವ ಸೇವೆ ಕೊಡುತ್ತೀರಿ, ಗ್ರಾಹಕರಲ್ಲಿ ಎಷ್ಟು ಬಗೆ, ಪ್ರತಿ ಬಗೆಯವರಿಗೆ ಬೇಕಾದದ್ದೇನು, ಕೆಲಸಗಾರರು ಯಾರು, ಪೂರೈಕೆದಾರರು ಯಾರು, ಪ್ರತಿಸ್ಪರ್ಧಿಗಳು ಯಾರು, ಎದುರಿಗಿರುವ ಸವಾಲುಗಳೇನು. ನೋಡಲು ಸುಲಭದ ಪ್ರಶ್ನೆಗಳು. ಆದರೆ ಎಂಟು ವಿಭಾಗಾಧಿಕಾರಿಗಳನ್ನು ಬೇರೆ ಬೇರೆಯಾಗಿ ಕೂರಿಸಿ ‘ನಮ್ಮ ಮುಖ್ಯ ಗ್ರಾಹಕರು ಯಾರು?’ ಎಂದು ಬರೆಸಿ ನೋಡಿ. ಎಂಟೂ ಉತ್ತರ ಒಂದೇ ಆಗಿದ್ದರೆ ನಿಮ್ಮ ಸಂಸ್ಥೆ ಆಗಲೇ ಅರ್ಧ ದಾರಿ ಬಂದಿದೆ. ನಮ್ಮಲ್ಲಿ ಐದು ಬಗೆಯ ಉತ್ತರ ಬಂದಿದ್ದವು. ಒಮ್ಮತಕ್ಕೆ ಬರಲು ಐದು ವಾರ ಹಿಡಿಯಿತು, ಆ ಐದು ವಾರ ಒಂದು ದಿನವೂ ವ್ಯರ್ಥವಾಗಲಿಲ್ಲ.

ಮೌಲ್ಯಮಾಪಕರು ಈ ಪುಟಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಉಳಿದದ್ದನ್ನು ಓದುತ್ತಾರೆ. ‘ಸಮಯಕ್ಕೆ ಸರಿಯಾದ ವಿತರಣೆ ನಮ್ಮ ಗ್ರಾಹಕರಿಗೆ ಅತಿಮುಖ್ಯ’ ಎಂದು ಇಲ್ಲಿ ಬರೆದು, ಫಲಿತಾಂಶದ ಅಧ್ಯಾಯದಲ್ಲಿ ವಿತರಣೆಯ ಅಂಕಿಅಂಶವೇ ಇಲ್ಲದಿದ್ದರೆ ಅಲ್ಲಿ ಅಂಕ ಕಡಿಮೆಯಾಗುತ್ತದೆ. ಪರಿಚಯದಲ್ಲಿ ಮುಖ್ಯವೆಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅರ್ಜಿ ಮುಗಿಯುವವರೆಗೂ ಆ ಹಾಳೆ ಅಲ್ಲೇ ಇರಲಿ.

ಅಧ್ಯಾಯಗಳನ್ನು ಬರೆಯುವುದು

ಬಾಲ್ಡ್ರಿಜ್ ಮಾನದಂಡದಲ್ಲಿ ನಾಯಕತ್ವ, ಕಾರ್ಯತಂತ್ರ, ಗ್ರಾಹಕರು, ಮಾಪನ ಮತ್ತು ಜ್ಞಾನ ನಿರ್ವಹಣೆ, ಕೆಲಸಗಾರರು, ಕಾರ್ಯಾಚರಣೆ ಎಂಬ ಆರು ಅಧ್ಯಾಯಗಳು ‘ಹೇಗೆ’ ಎಂದು ಕೇಳುತ್ತವೆ. ಏಳನೆಯದು ಫಲಿತಾಂಶ. ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರವನ್ನು ನಾಲ್ಕು ಕಡೆಯಿಂದ ತೂಗುತ್ತಾರೆ: ವಿಧಾನ, ಹರವು, ಕಲಿಕೆ, ಹೊಂದಾಣಿಕೆ. ನಿಗದಿತ ವಿಧಾನವಿದೆಯೇ, ಅದು ಎಲ್ಲ ವಿಭಾಗಗಳನ್ನೂ ತಲುಪಿದೆಯೇ, ಅದನ್ನು ಕಾಲಕಾಲಕ್ಕೆ ತಿದ್ದಿದ್ದೀರಾ, ಅದು ಸಂಸ್ಥೆಯ ಗುರಿಗಳ ಜೊತೆ ಹೊಂದುತ್ತದೆಯೇ. ಯುರೋಪಿನ ಮಾದರಿಯಲ್ಲಿ ಅಂಕ ಹಾಕುವ ‘ರೇಡಾರ್’ ಎಂಬ ವಿಧಾನವೂ ಸ್ವಲ್ಪ ಹೆಚ್ಚುಕಡಿಮೆ ಇವನ್ನೇ ಕೇಳುತ್ತದೆ.

ಗ್ರಾಹಕರ ದೂರುಗಳ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನಾನು ಓದಿದ ಅರ್ಜಿಗಳಲ್ಲಿ ಪದೇಪದೇ ಕಂಡ ಉತ್ತರ ಹೀಗಿರುತ್ತದೆ: ‘ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ. ಬಂದ ಪ್ರತಿ ದೂರನ್ನೂ ಅತ್ಯಂತ ಗಂಭೀರವಾಗಿ ಪರಿಗಣಿಸಿ ಶೀಘ್ರ ಪರಿಹಾರ ಒದಗಿಸುತ್ತೇವೆ.’ ಇಲ್ಲಿ ಅಂಕ ಹಾಕಲು ಏನೂ ಇಲ್ಲ. ಧ್ಯೇಯವಿದೆ, ಆದರೆ ಯಾರು ಏನು ಮಾಡುತ್ತಾರೆ ಎಂಬುದಿಲ್ಲ. ಇದನ್ನೇ ಹೀಗೆ ಬರೆಯಬಹುದು:

‘ಫೋನ್, ಪತ್ರ, ನೇರ ಭೇಟಿ ಯಾವುದರಿಂದ ಬಂದರೂ ದೂರು ಅದೇ ದಿನ ಒಂದೇ ದಾಖಲೆಗೆ ಸೇರುತ್ತದೆ. ಮೊದಲ ಸಂಪರ್ಕದಲ್ಲೇ ಬಗೆಹರಿಸಲು ಮುಂಚೂಣಿ ಸಿಬ್ಬಂದಿಗೆ ಅಧಿಕಾರವಿದೆ. ಎರಡು ದಿನದಲ್ಲಿ ಮುಗಿಯದ್ದು ವಿಭಾಗಾಧಿಕಾರಿಗೆ ತಾನಾಗಿ ಹೋಗುತ್ತದೆ. ತಿಂಗಳಿಗೊಮ್ಮೆ ದೂರುಗಳನ್ನು ಕಾರಣದ ಪ್ರಕಾರ ವಿಂಗಡಿಸಿ, ಹೆಚ್ಚು ಬಂದ ಮೂರು ಕಾರಣಗಳಿಗೆ ಸುಧಾರಣಾ ತಂಡ ರಚಿಸುತ್ತೇವೆ. ಎಲ್ಲ ಶಾಖೆಗಳಲ್ಲೂ ಇದು ಜಾರಿಯಲ್ಲಿದೆ, ಪೂರೈಕೆದಾರರ ವಿರುದ್ಧದ ದೂರುಗಳಿಗೆ ಇನ್ನೂ ವಿಸ್ತರಿಸಿಲ್ಲ. ಕಳೆದ ವರ್ಷದ ಪರಿಶೀಲನೆಯಲ್ಲಿ ಮೌಖಿಕ ದೂರುಗಳು ದಾಖಲಾಗುತ್ತಿಲ್ಲವೆಂದು ಕಂಡು, ಅದಕ್ಕೊಂದು ಸರಳ ನಮೂನೆ ಸೇರಿಸಿದೆವು.’

ಎರಡನೆಯದರಲ್ಲಿ ಹೊಗಳಿಕೆಯ ಒಂದೂ ವಿಶೇಷಣವಿಲ್ಲದಿರುವುದನ್ನು ಗಮನಿಸಿ. ‘ಇನ್ನೂ ವಿಸ್ತರಿಸಿಲ್ಲ’ ಎಂಬ ಮಾತೂ ಇದೆ. ಅದನ್ನು ಬರೆಯಲು ತಂಡಗಳು ಹೆದರುತ್ತವೆ, ಅಂಕ ಹೋಗುತ್ತದೆ ಎಂದು. ಮೌಲ್ಯಮಾಪಕನ ಕುರ್ಚಿಯಲ್ಲಿ ಕೂತಾಗ ನನಗಾದ ಅನುಭವವೇ ಬೇರೆ. ತನ್ನ ಕೊರತೆಯನ್ನು ತಾನೇ ಬಲ್ಲ ಸಂಸ್ಥೆ ಎಂಬ ನಂಬಿಕೆ ಬಂದ ಮೇಲೆ ಅವರ ಉಳಿದ ಮಾತುಗಳಿಗೂ ತೂಕ ಬರುತ್ತದೆ. ಎಲ್ಲವೂ ಪರಿಪೂರ್ಣ ಎನ್ನುವ ಅರ್ಜಿಯ ಪ್ರತಿ ವಾಕ್ಯದ ಪಕ್ಕದಲ್ಲೂ ‘ಸ್ಥಳದಲ್ಲಿ ಪರೀಕ್ಷಿಸಬೇಕು’ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ.

ಹೊರಗಿನ ಸಲಹೆಗಾರರಿಂದ ಅರ್ಜಿ ಬರೆಸಬೇಡಿ. ತರಬೇತಿಗೆ, ಕರಡು ಓದಿಸುವುದಕ್ಕೆ ಕರೆಯಿರಿ, ತಪ್ಪಿಲ್ಲ. ಆದರೆ ವಾಕ್ಯಗಳು ಕೆಲಸ ಮಾಡುವವರ ಬಾಯಿಂದ ಬರಬೇಕು. ಪ್ರತಿ ಅಧ್ಯಾಯದ ಕರಡನ್ನು ಆ ಕೆಲಸ ನಿಜವಾಗಿ ಮಾಡುವ ಇಬ್ಬರಿಗೆ ಓದಿ ಹೇಳಿ. ‘ಹೌದು, ನಾವು ಹೀಗೇ ಮಾಡೋದು’ ಎಂದರೆ ಇರಲಿ. ಮುಖ ಮುಖ ನೋಡಿಕೊಂಡರೆ ಅಳಿಸಿ.

ಫಲಿತಾಂಶ: ಹೆಚ್ಚಿನವರು ಮುಗ್ಗರಿಸುವ ಜಾಗ

ಬಾಲ್ಡ್ರಿಜ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹಂಚಿಕೆಯಲ್ಲಿ ಒಟ್ಟು 1000 ಅಂಕಗಳ ಪೈಕಿ 450 ಅಂಕ ಫಲಿತಾಂಶಕ್ಕೆ. ನಾಯಕತ್ವಕ್ಕೆ 120. ಯುರೋಪಿನ ಹಳೆಯ ಒಂಬತ್ತು ಮಾನದಂಡಗಳ ಮಾದರಿಯಲ್ಲಂತೂ ಸರಿಯಾಗಿ ಅರ್ಧ, ಅಂದರೆ 500. ಆದರೂ ಅರ್ಜಿ ಬರೆಯುವ ತಂಡಗಳು ಮೊದಲ ಆರು ಅಧ್ಯಾಯಗಳಿಗೆ ಬೆವರು ಹರಿಸಿ, ಫಲಿತಾಂಶವನ್ನು ಕೊನೆಯ ಹತ್ತು ದಿನಕ್ಕೆ ಬಿಡುತ್ತವೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುವುದು ಇದಕ್ಕೇ. ಮೂರು ವರ್ಷದ ಅಂಕಿಅಂಶವನ್ನು ಹತ್ತು ದಿನದಲ್ಲಿ ಹುಟ್ಟಿಸಲಾಗುವುದಿಲ್ಲ.

ಒಂದು ಫಲಿತಾಂಶದಲ್ಲಿ ಏನೇನು ಕಾಣಬೇಕು? ಕಲ್ಪಿತ ಉದಾಹರಣೆ: ‘ದೂರು ಪರಿಹಾರಕ್ಕೆ ಸರಾಸರಿ 4 ದಿನ.’ ಇದು ಬರೀ ಮಟ್ಟ. ‘ಮೂರು ವರ್ಷದಲ್ಲಿ 9, 6, 4 ದಿನ’ ಎಂದಾಗ ಏರಿಳಿತದ ದಿಕ್ಕು ಕಾಣುತ್ತದೆ. ‘ಇದೇ ಕ್ಷೇತ್ರದ ಅತ್ಯುತ್ತಮ ಸಂಸ್ಥೆಯಲ್ಲಿ 3 ದಿನ’ ಎಂದಾಗ ಹೋಲಿಕೆ ಬಂತು. ‘ಮೂರು ಗ್ರಾಹಕ ವರ್ಗಗಳಿಗೂ ಬೇರೆ ಬೇರೆಯಾಗಿ ತೋರಿಸಿದ್ದೇವೆ’ ಎಂದರೆ ಪರಿಚಯದ ಪುಟದ ಜೊತೆ ಹೊಂದಾಣಿಕೆಯೂ ಬಂತು. ನಾಲ್ಕೂ ಇದ್ದರೆ ಪೂರ್ತಿ ಅಂಕಕ್ಕೆ ಹತ್ತಿರ ಹೋಗುತ್ತೀರಿ.

ಎಲ್ಲಕ್ಕಿಂತ ಕಷ್ಟ ಹೋಲಿಕೆ. ಪ್ರತಿಸ್ಪರ್ಧಿ ತನ್ನ ಅಂಕಿಅಂಶ ಯಾಕೆ ಕೊಡುತ್ತಾನೆ? ಉದ್ಯಮ ಸಂಘಟನೆಗಳ ಸಮೀಕ್ಷೆಗಳು, ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿಗಳು, ಸರ್ಕಾರಿ ಅಂಕಿಅಂಶಗಳು, ಗ್ರಾಹಕರೇ ಇಬ್ಬರನ್ನೂ ಹೋಲಿಸಿ ಕೊಡುವ ಅಂಕಗಳು, ಹೀಗೆ ಒಂದೊಂದು ಕಡೆಯಿಂದ ಒಂದೊಂದು ಆರಿಸಿಕೊಳ್ಳಬೇಕು. ಬಾಲ್ಡ್ರಿಜ್ ವಿಜೇತರು ತಮ್ಮ ಅನುಭವವನ್ನು ಹಂಚಿಕೊಳ್ಳಬೇಕೆಂಬ ನಿರೀಕ್ಷೆಯಿದೆ, ಅವರ ಅರ್ಜಿಯ ಸಾರಾಂಶಗಳು ಸಾರ್ವಜನಿಕವಾಗಿ ಸಿಗುತ್ತವೆ. ಅವನ್ನು ಓದಿ. ಬೇರೆ ಕ್ಷೇತ್ರದವರೊಂದಿಗೂ ಹೋಲಿಸಬಹುದು: ಫೋನ್ ಎತ್ತಲು ಹಿಡಿಯುವ ಸಮಯ ಆಸ್ಪತ್ರೆಗೂ ಬ್ಯಾಂಕಿಗೂ ಒಂದೇ ಅಳತೆ.

ಕೆಳಗಿಳಿದ ಗ್ರಾಫನ್ನು ಮುಚ್ಚಿಡಬೇಡಿ. ಒಂದು ವರ್ಷ ಫಲಿತಾಂಶ ಕೆಟ್ಟಿದ್ದರೆ ಕಾರಣವನ್ನೂ ತೆಗೆದುಕೊಂಡ ಕ್ರಮವನ್ನೂ ಎರಡು ಸಾಲಿನಲ್ಲಿ ಗ್ರಾಫಿನ ಅಡಿಯಲ್ಲೇ ಬರೆಯಿರಿ. ನಡುವಿನ ವರ್ಷವನ್ನು ಹಾರಿಸಿದ ಗ್ರಾಫ್ ಮೌಲ್ಯಮಾಪಕರ ಕಣ್ಣಿಗೆ ಮೊದಲು ಬೀಳುತ್ತದೆ.

ಸ್ಥಳ ಭೇಟಿ

ಅರ್ಜಿಯನ್ನು ಮೊದಲು ಮೌಲ್ಯಮಾಪಕರು ಒಬ್ಬೊಬ್ಬರೇ ಓದಿ ಅಂಕ ಹಾಕುತ್ತಾರೆ, ಬಳಿಕ ಒಟ್ಟಿಗೆ ಕೂತು ಚರ್ಚಿಸಿ ಒಮ್ಮತಕ್ಕೆ ಬರುತ್ತಾರೆ. ಆ ಹಂತ ದಾಟಿದವರಿಗೆ ಸ್ಥಳ ಭೇಟಿ. ಕೊನೆಯ ತೀರ್ಪು ತೀರ್ಪುಗಾರರ ಮಂಡಳಿಯದು.

ಗೋಡೆಗೆ ಬಣ್ಣ ಬಳಿಸುವುದು, ಹೂಕುಂಡ ತರಿಸುವುದು, ಘೋಷವಾಕ್ಯ ಬಾಯಿಪಾಠ ಮಾಡಿಸುವುದು ಇವೆಲ್ಲ ಈ ಹೊತ್ತಿಗೆ ಶುರುವಾಗುತ್ತವೆ. ಬೇಡ. ನಾನಿದ್ದ ಒಂದು ಸಂಸ್ಥೆಯಲ್ಲಿ ಕೆಲಸಗಾರರ ಸಲಹಾ ಯೋಜನೆಯ ಬಗ್ಗೆ ಎರಡು ಪುಟ ಬರೆದಿದ್ದೆವು, ಬರೆದದ್ದರ ಬಗ್ಗೆ ನಮಗೆ ಹೆಮ್ಮೆಯೂ ಇತ್ತು. ಮೌಲ್ಯಮಾಪಕರಲ್ಲಿ ಒಬ್ಬರು ರಾತ್ರಿ ಪಾಳಿಗೆ ಬಂದರು. ಸ್ಟೋರ್ಸ್‌ನಲ್ಲಿದ್ದ ಒಬ್ಬ ಹಿರಿಯ ಕೆಲಸಗಾರರನ್ನು ಮಾತಾಡಿಸಿ, ‘ನೀವು ಕೊಟ್ಟ ಸಲಹೆ ಏನಾಯ್ತು?’ ಎಂದು ಕೇಳಿದರು. ‘ಪೆಟ್ಟಿಗೇಲಿ ಹಾಕಿದ್ದೆ ಸಾರ್. ಆಮೇಲೆ ಯಾರೂ ಏನೂ ಹೇಳ್ಲಿಲ್ಲ’ ಎಂದರು ಅವರು. ಆ ಒಂದು ಉತ್ತರದಿಂದ ನಮ್ಮ ಎರಡು ಪುಟ ಬಿದ್ದುಹೋಯಿತು, ಬೀಳಬೇಕಾದದ್ದೇ. ಹಗಲು ಪಾಳಿಯವರ ಸಲಹೆಗಳಿಗೆ ವಾರದಲ್ಲಿ ಉತ್ತರ ಹೋಗುತ್ತಿತ್ತು. ರಾತ್ರಿ ಪಾಳಿಯ ಪೆಟ್ಟಿಗೆಯ ಬೀಗ ತೆಗೆಯುವ ಹೊಣೆ ಯಾರದೆಂದು ನಾವು ಯಾರೂ ಕೇಳಿರಲೇ ಇಲ್ಲ.

ಹಾಗಾಗಿ ಸಿದ್ಧತೆ ಎಂದರೆ ನೀವೇ ಮೊದಲು ರಾತ್ರಿ ಪಾಳಿಗೆ, ದೂರದ ಶಾಖೆಗೆ, ಗುತ್ತಿಗೆ ಕೆಲಸಗಾರರ ಬಳಿಗೆ ಹೋಗಿ ಅವೇ ಪ್ರಶ್ನೆ ಕೇಳುವುದು. ಸಿಬ್ಬಂದಿಗೆ ಹೇಳಬೇಕಾದ ಮಾತು ಎರಡೇ: ನಿಮಗೆ ಗೊತ್ತಿರುವುದನ್ನು ಗೊತ್ತಿರುವಂತೆಯೇ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಅರ್ಜಿಯಲ್ಲಿ ಹೆಸರಿಸಿದ ಪ್ರತಿ ದಾಖಲೆಯೂ ಕೇಳಿದ ಹತ್ತು ನಿಮಿಷದಲ್ಲಿ ಕೈಗೆ ಸಿಗುವಂತಿರಲಿ.

ವರದಿ ಬಂದ ಮೇಲೆ

ವರದಿಯಲ್ಲಿ ಎರಡು ಬಗೆಯ ಟಿಪ್ಪಣಿಗಳಿರುತ್ತವೆ: ಶಕ್ತಿಗಳು ಮತ್ತು ಸುಧಾರಣೆಗೆ ಅವಕಾಶಗಳು. ಅಂಕ ಯಾವ ಶ್ರೇಣಿಯಲ್ಲಿದೆ ಎಂಬುದೂ ಇರುತ್ತದೆ. ಮೊದಲ ದಿನ ಕೋಪ ಬರುತ್ತದೆ. ‘ಇವರಿಗೆ ನಮ್ಮ ಕೆಲಸ ಅರ್ಥವಾಗಿಲ್ಲ’ ಎಂದೇ ಎಲ್ಲರೂ ಹೇಳುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಓದಿ. ಹತ್ತರಲ್ಲಿ ಒಂದೆರಡು ಟಿಪ್ಪಣಿ ನಿಜಕ್ಕೂ ತಪ್ಪಾಗಿ ಅರ್ಥಮಾಡಿಕೊಂಡು ಬರೆದವಾಗಿರಬಹುದು. ಹಾಗಿದ್ದರೆ ನಾವೇ ಸರಿಯಾಗಿ ಬರೆದಿರಲಿಲ್ಲವೇನೋ ಎಂದು ನೋಡಿ.

ಎಲ್ಲ ಟಿಪ್ಪಣಿಗಳನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳುವುದು ದೊಡ್ಡ ತಪ್ಪು. ಅಮೆರಿಕದ ಫ್ಲಾರಿಡಾ ಪವರ್ ಆ್ಯಂಡ್ ಲೈಟ್ ವಿದ್ಯುತ್ ಕಂಪನಿ 1989ರಲ್ಲಿ ಡೆಮಿಂಗ್ ಪ್ರಶಸ್ತಿ ಪಡೆಯಿತು, ಆ ದೇಶದಿಂದ ಮೊದಲನೆಯದು. ಆದರೆ ಪ್ರಶಸ್ತಿಯ ಸಿದ್ಧತೆಯಲ್ಲಿ ನಮೂನೆಗಳು, ಪರಿಶೀಲನೆಗಳು, ವರದಿಗಳ ಹೊರೆ ಎಷ್ಟು ಬೆಳೆದಿತ್ತೆಂದರೆ ಸಿಬ್ಬಂದಿ ಬೇಸತ್ತಿದ್ದರು. ಹೊಸ ಮುಖ್ಯಸ್ಥರು ಅವರ ಮಾತು ಕೇಳಿ ಆ ವ್ಯವಸ್ಥೆಯ ಬಹುಪಾಲನ್ನು ಕಳಚಿಹಾಕಬೇಕಾಯಿತು. 1990ರ ಬಾಲ್ಡ್ರಿಜ್ ವಿಜೇತ ವ್ಯಾಲೇಸ್ ಕಂಪನಿ, ಪೈಪು ವಾಲ್ವುಗಳ ಸಣ್ಣ ವಿತರಣಾ ಸಂಸ್ಥೆ, 1992ರಲ್ಲಿ ದಿವಾಳಿ ರಕ್ಷಣೆ ಕೋರಿತು. ಇವನ್ನು ತೋರಿಸಿ ಪ್ರಶಸ್ತಿಗಳೇ ದಂಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆದರೆ ಅರ್ಜಿಯ ತಂಡ ಕೆಲಸದಲ್ಲಿ ಮುಳುಗಿರುವಾಗ ಮಾರಾಟ, ನಗದು ಹರಿವು, ಸಾಲದ ಕಂತು ನೋಡುವವರು ಬೇರೆ ಇರಲೇಬೇಕು ಎಂಬುದಕ್ಕೆ ಇವು ಸಾಕ್ಷಿ.

ಟಿಪ್ಪಣಿಗಳನ್ನು ಗ್ರಾಹಕರಿಗೆ ಎಷ್ಟು ತಟ್ಟುತ್ತದೆ, ಒಂದು ವರ್ಷದಲ್ಲಿ ಮಾಡಬಹುದೇ ಎಂಬ ಎರಡೇ ಪ್ರಶ್ನೆಯಿಂದ ಜರಡಿ ಹಿಡಿದು ಮೂರನ್ನು ಆರಿಸಿ. ಒಂದೊಂದಕ್ಕೂ ಒಬ್ಬರ ಹೆಸರು, ಒಂದು ಅಳತೆ, ಒಂದು ತಾರೀಕು. ಆ ಅಳತೆಯ ಗ್ರಾಫನ್ನು ಅದೇ ವಾರ ಶುರುಮಾಡಿ. ಈಗ ಇರುವುದು ಒಂದೇ ಚುಕ್ಕೆಯಾದರೂ ಸರಿ. ನಮ್ಮ ಮೂರರಲ್ಲಿ ಮೊದಲನೆಯದು ರಾತ್ರಿ ಪಾಳಿಯ ಸಲಹಾ ಪೆಟ್ಟಿಗೆ: ಬೀಗದ ಕೈ ಪಾಳಿಯ ಸೂಪರ್‌ವೈಸರ್ ಬಳಿ, ಏಳು ದಿನದೊಳಗೆ ಉತ್ತರ, ಉತ್ತರ ಹೋಗಲು ಹಿಡಿದ ದಿನಗಳ ಗ್ರಾಫ್ ಸ್ಟೋರ್ಸ್‌ನ ಬಾಗಿಲ ಪಕ್ಕದಲ್ಲೇ. ಎರಡನೆಯ ಸಲ ಅರ್ಜಿ ಹಾಕಿದಾಗ ಆ ಗ್ರಾಫಿನಲ್ಲಿ ಮೂವತ್ತೊಂದು ಚುಕ್ಕೆಗಳಿದ್ದವು, ತಿಂಗಳಿಗೊಂದರಂತೆ. ಮೊದಲ ಚುಕ್ಕೆಯನ್ನು ಗುರುತಿಸಿದ್ದು ಸ್ಟೋರ್ಸ್‌ನ ಅದೇ ಹಿರಿಯ ಕೆಲಸಗಾರರು.